ಬೆನ್ನೆಲುಬಿಗೇಕೆ ಸೂಜಿ?

ಬೆನ್ನುನೋವಿಗೆ ಗೃಹಸ್ಥರ ಮನೆಯಲ್ಲಿ ರೋಗವೆಂಬ ಮನ್ನಣೆ ಬೇಗನೆ ದೊರೆಯುವುದಿಲ್ಲ. ಎಣ್ಣೆ ತಿಕ್ಕಿದ್ದಾಯಿತು, ಶಾಖ ಕೊಟ್ಟದ್ದಾಯಿತು, ಹಾಸಿಗೆ ಬದಲಾಯಿಸಿದ್ದೂ ಆಯಿತು. ಮಲಗಿದರೂ ತಗ್ಗದ ನೋವು, ಸಂಜೆಯ ಸಣ್ಣ ಜ್ವರ, ಇಳಿಯುತ್ತಿರುವ ಮೈತೂಕ ಇವೆಲ್ಲ ಕಂಡ ಮೇಲೆಯೇ ಎಂ.ಆರ್.ಐ. ಚಿತ್ರ ತೆಗೆಸುವುದು. ಅಕ್ಕಪಕ್ಕದ ಎರಡು ಕಶೇರುಮಣಿಗಳೂ ಅವುಗಳ ನಡುವಣ ಮೆತ್ತೆಯೂ ಹಾಳಾಗಿರುವುದು ಅದರಲ್ಲಿ ಕಾಣುತ್ತದೆ. ಸೋಂಕು ತಗುಲಿರಬೇಕೆಂದ ವೈದ್ಯರು, ಸೂಜಿ ಹಾಕಿ ಅಲ್ಲಿನದೊಂದು ಚೂರನ್ನು ತೆಗೆಯಬೇಕು ಎನ್ನುತ್ತಾರೆ. ಮನೆಮಂದಿಯ ಎದೆ ಧಸಕ್ಕೆನ್ನುವುದು ಆಗಲೇ. ಚಿತ್ರದಲ್ಲಿ ಎಲ್ಲವೂ ಕಂಡ ಮೇಲೆ ಸೂಜಿಯೇಕೆ?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಚಿತ್ರವು ಕಳವಾದ ಮನೆಯನ್ನು ತೋರಿಸುತ್ತದೆಯೇ ಹೊರತು ಕಳ್ಳನ ಹೆಸರನ್ನು ಹೇಳುವುದಿಲ್ಲ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಬೆನ್ನು ಬಾಗಿ ಕಾಲುಗಳ ಶಕ್ತಿ ಉಡುಗುವ ವ್ಯಾಧಿಯನ್ನು 1779ರಲ್ಲಿಯೇ ವರ್ಣಿಸಿದ್ದನು. ಅದಕ್ಕೆ ಕಾರಣವಾದ ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಪ್ರಕಟಪಡಿಸಿದ್ದು 1882ರಲ್ಲಿ. ನಡುವಣ 103 ವರ್ಷ ಹಾನಿ ಕಂಡಿತ್ತು, ಹಾನಿ ಮಾಡಿದವನು ಕಂಡಿರಲಿಲ್ಲ. ಭಾರತದಲ್ಲಿ ಇಂದಿಗೂ ಮೊದಲ ಸಂಶಯ ಕ್ಷಯದ ಮೇಲೆಯೇ. ಆದರೆ ಸ್ಟೆಫಿಲೊಕಾಕಸ್ ಇರಬಹುದು. ಕಾಯಿಸದ ಹಾಲಿನಿಂದ ಬಂದ ಬ್ರುಸೆಲ್ಲ ಇರಬಹುದು. ಒಮ್ಮೊಮ್ಮೆ ಸೋಂಕೇ ಅಲ್ಲದೆ ಅರ್ಬುದವೂ ಇದ್ದೀತು. ಕ್ಷಯವಾದರೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಔಷಧ. ಸ್ಟೆಫಿಲೊಕಾಕಸ್ ಆದರೆ ಸಾಮಾನ್ಯವಾಗಿ 6 ವಾರ, ಅದೂ ಬೇರೆಯದೇ ಔಷಧ. ಊಹೆ ತಪ್ಪಿದರೆ ರೋಗಿಯು ತನ್ನದಲ್ಲದ ರೋಗದ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗುತ್ತಿರುವಾಗ ಬೆನ್ನೆಲುಬು ಒಳಗೊಳಗೇ ಕುಸಿಯುತ್ತಿರುತ್ತದೆ.

ಸೂಜಿಯ ಪ್ರವೇಶವು ಕುರುಡು ಸಾಹಸವಲ್ಲ. ರೋಗಿಯನ್ನು ಸಿ.ಟಿ. ಯಂತ್ರದ ಮೇಜಿನ ಮೇಲೆ ಬೋರಲಾಗಿ ಮಲಗಿಸಿ, ಚಿತ್ರದ ಮೇಲೆಯೇ ದಾರಿಯನ್ನೂ ಕೋನವನ್ನೂ ಆಳವನ್ನೂ ಅಳೆಯುತ್ತಾರೆ. ಚರ್ಮವನ್ನು ಮರಗಟ್ಟಿಸಿ ಸೂಜಿಯನ್ನು ತುಸು ಮುಂದೂಡುವುದು, ಮತ್ತೆ ಚಿತ್ರ ತೆಗೆದು ನೋಡುವುದು, ಮತ್ತೆ ಮುಂದೂಡುವುದು. ಬೆನ್ನುಹುರಿಯನ್ನು ಬದಿಗಿಟ್ಟು ಹೋಗುವ ಹಾದಿಯದು. ರೋಗಿಗೆ ಬಹುಮಟ್ಟಿಗೆ ಎಚ್ಚರವಿರುತ್ತದೆ. ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುವವರು ಮುಂಚಿತವಾಗಿ ತಿಳಿಸಲೇಬೇಕು.

ತೆಗೆದ ಚೂರಿನ ಪಾಲು ಹಂಚುವುದೂ ಒಂದು ಜಾಣತನ. ಸೂಕ್ಷ್ಮದರ್ಶಕದಲ್ಲಿ ಅಂಗಾಂಶವನ್ನು ನೋಡುವವರಿಗೆ ಫಾರ್ಮಲಿನ್‌ನಲ್ಲಿಟ್ಟ ತುಂಡು ಬೇಕು. ರೋಗಾಣುವನ್ನು ಬೆಳೆಸಿ ನೋಡುವವರಿಗೆ ಅದೇ ಫಾರ್ಮಲಿನ್ ವಿಷ. ಇಡೀ ಚೂರನ್ನು ಅದರಲ್ಲಿ ಮುಳುಗಿಸಿದರೆ ಸಾಕ್ಷಿಯೇ ಸತ್ತಂತೆ. ಕ್ಷಯದ ರೋಗಾಣು ಬೆಳೆದು ಕಾಣಿಸಿಕೊಳ್ಳಲು 6ರಿಂದ 8 ವಾರ ಹಿಡಿಯಬಹುದು. ಅದರ ವಂಶದ್ರವ್ಯವನ್ನು ಗುರುತಿಸುವ ಜೀನ್‌ಎಕ್ಸ್‌ಪರ್ಟ್ ಯಂತ್ರವಾದರೋ ಸುಮಾರು 2 ಗಂಟೆಯಲ್ಲಿ ಉತ್ತರ ಕೊಡುತ್ತದೆ. ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುವುದೋ ಇಲ್ಲವೋ ಎಂಬುದನ್ನೂ ತಿಳಿಸುತ್ತದೆ.

ಇಷ್ಟಾದರೂ ಸೂಜಿ ಬರಿಗೈಯಲ್ಲಿ ಮರಳುವುದುಂಟು. ಕೆಲವೊಮ್ಮೆ ಅದಕ್ಕೆ ಕಾರಣ, ಮೊದಲೇ ನುಂಗಿದ ಆಂಟಿಬಯಾಟಿಕ್. ಔಷಧದಂಗಡಿಯಲ್ಲಿ ಕೇಳಿ ತಂದ ನಾಲ್ಕು ಗುಳಿಗೆಗಳು ರೋಗವನ್ನು ಕೊಲ್ಲದೆ ರೋಗಾಣುವಿನ ಬಾಯನ್ನು ಮಾತ್ರ ಕಟ್ಟುತ್ತವೆ. ಆದುದರಿಂದಲೇ ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ, ಚೂರು ಕೈಸೇರುವವರೆಗೆ ವೈದ್ಯರು ಆಂಟಿಬಯಾಟಿಕ್ ತಡೆಹಿಡಿಯುತ್ತಾರೆ. ಮನೆಯವರಿಗೆ ಅದು ಅಲಕ್ಷ್ಯವಾಗಿ ತೋರಿದರೂ ಅಲಕ್ಷ್ಯವಲ್ಲ. ಕಾಲುಗಳಲ್ಲಿ ಬಲ ಕುಂದತೊಡಗಿದರೆ, ಮೂತ್ರ ಕಟ್ಟಿದರೆ, ಸೋಂಕು ರಕ್ತಕ್ಕೇರಿ ಮೈ ಕುಸಿದರೆ ಮಾತ್ರ ಯಾರೂ ಕಾಯುವುದಿಲ್ಲ. ರಕ್ತಪರೀಕ್ಷೆಯಲ್ಲಿಯೇ ಸ್ಟೆಫಿಲೊಕಾಕಸ್ ಆರಿಯಸ್ ಸಿಕ್ಕಿಬಿದ್ದರೆ ಸೂಜಿಯ ಅಗತ್ಯವೇ ಸಾಮಾನ್ಯವಾಗಿ ಬೀಳದು. ಮೊದಲ ಬಾರಿ ಏನೂ ದೊರೆಯದಿದ್ದರೆ ಎರಡನೆಯ ಬಾರಿ ಸೂಜಿ. ಅದೂ ವಿಫಲವಾದರೆ ಶಸ್ತ್ರಚಿಕಿತ್ಸೆಯಿಂದ ಚೂರು ತೆಗೆಯುವುದು.