ಲಕ್ವ ಹೊಡೆದವರನ್ನು ಎತ್ತಿ ಕೂರಿಸುವವರ ಲೆಕ್ಕ ಯಾರ ಹತ್ತಿರ ಇದೆ?

ಉಬ್ರಾಣಿ ಹೋಬಳಿಯ ಯಾವುದಾದರೂ ಊರಿಗೆ ಹೋಗಿ, 'ಇಲ್ಲಿ ಲಕ್ವ ಹೊಡೆದವರು ಯಾರಾದರೂ ಇದ್ದಾರಾ' ಅಂತ ಕೇಳಿ. ಕಟ್ಟೆ ಮೇಲೆ ಕೂತವರು ಮನೆ ತೋರಿಸುತ್ತಾರೆ. ಎಡಗಡೆ ಹೋಯಿತೋ ಬಲಗಡೆ ಹೋಯಿತೋ, ಶಿವಮೊಗ್ಗಕ್ಕೆ ಒಯ್ದರೋ ದಾವಣಗೆರೆಗೋ, ಆಮೇಲೆ ಯಾವ ನಾಟಿ ವೈದ್ಯರ ಹತ್ತಿರ ಎಣ್ಣೆ ತಂದರು, ಎಷ್ಟು ಖರ್ಚಾಯಿತು, ಎಲ್ಲವೂ ಅವರಿಗೆ ಗೊತ್ತು. ಅದೇ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಹೇಗಿದ್ದಾರೆ ಅಂತ ಕೇಳಿದರೆ ಮಾತು ನಿಲ್ಲುತ್ತದೆ. 'ಸೊಸೆ ಇದಾಳಲ್ಲ, ನೋಡ್ಕಂತಾಳೆ' ಅನ್ನುವಲ್ಲಿಗೆ ಮುಗಿಯಿತು.

ನನ್ನ ತಕರಾರು ಇರುವುದು ಈ 'ನೋಡ್ಕಂತಾಳೆ' ಅನ್ನುವ ಒಂದು ಪದದ ಮೇಲೆ.

ಅದರೊಳಗೆ ಏನೇನಿದೆ ಅಂತ ಬಿಚ್ಚಿ ನೋಡೋಣ. ಮಲಗಿದಲ್ಲೇ ಇರುವವರಿಗೆ ಬೆನ್ನಿನಲ್ಲಿ ಹುಣ್ಣಾಗಬಾರದು ಅಂದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಆಸ್ಪತ್ರೆಯಿಂದ ಹೇಳಿ ಕಳಿಸುತ್ತಾರೆ. ಸರಿಯಾದ ಮಾತೇ. ಆದರೆ ರಾತ್ರಿ 10ಕ್ಕೆ ಮಲಗಿ ಬೆಳಗ್ಗೆ 6ಕ್ಕೆ ಏಳುವವಳು 12ಕ್ಕೆ, 2ಕ್ಕೆ, 4ಕ್ಕೆ ಎದ್ದಿರಬೇಕು. ಒಂದು ರಾತ್ರಿ ಅಲ್ಲ, ವರ್ಷಗಟ್ಟಲೆ. ನುಂಗಲು ತೊಂದರೆ ಇರುವವರಿಗೆ ಒಂದು ಲೋಟ ಗಂಜಿ ಕುಡಿಸುವುದೂ ಅವಸರದ ಕೆಲಸವಲ್ಲ, ಸ್ವಲ್ಪ ಹೆಚ್ಚುಕಮ್ಮಿಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ತನಗಿಂತ ಒಂದೂವರೆ ಪಟ್ಟು ತೂಕದ ಗಂಡಸನ್ನು ಬಚ್ಚಲಿಗೆ ಕರೆದೊಯ್ದು ವಾಪಸ್ ತರಬೇಕು. ಮಾತು ಹೋದವರಿಗೆ ಹೇಳಲಾಗದ ಸಿಟ್ಟು ಇರುತ್ತದೆ. ಮಿದುಳಿಗೇ ಪೆಟ್ಟು ಬಿದ್ದಿರುವುದರಿಂದ ಕೆಲವರು ಕಾರಣವಿಲ್ಲದೆ ಅಳುತ್ತಾರೆ, ಕೆಲವರು ಬೈಯುತ್ತಾರೆ. ಆ ಬೈಗುಳ ಯಾರ ಪಾಲಿಗೆ ಬರುತ್ತದೆ ಅಂತ ನಿಮಗೆ ಗೊತ್ತು.

ನಮ್ಮ ಕಡೆ ಇದಕ್ಕೆ ಇನ್ನೊಂದು ಲೆಕ್ಕವೂ ಇದೆ. ಅಡಿಕೆ ಸುಗ್ಗಿ. ಸುಲಿಯುವ ಕೆಲಸಕ್ಕೆ ತೂಕದ ಮೇಲೆ ಕೂಲಿ. ಮೆಷಿನ್ ಬಂದಿದ್ದರೂ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವ ಹೆಂಗಸರಿಗೆ ವರ್ಷದ ದೊಡ್ಡ ದುಡ್ಡು ಬರುವುದು ಆ ನಾಲ್ಕೈದು ತಿಂಗಳಲ್ಲಿ. ಸಂಘದ ಸಾಲದ ಕಂತು, ಮಕ್ಕಳ ಫೀಸು ಅದರಲ್ಲೇ ನಡೆಯಬೇಕು. ಮನೆಯಲ್ಲಿ ಲಕ್ವ ಹೊಡೆದವರಿದ್ದರೆ ಅವಳು ಖಣಕ್ಕೆ ಹೋಗುವ ಹಾಗಿಲ್ಲ. ರೋಗಿಯ ದುಡಿಮೆ ನಿಂತಿದ್ದು ಊರಿಗೆ ಕಾಣುತ್ತದೆ, ಇವಳ ದುಡಿಮೆ ನಿಂತಿದ್ದು ಕಾಣುವುದಿಲ್ಲ. ಯಾಕೆಂದರೆ ಅವಳು 'ಮನೇಲೇ ಇದಾಳೆ'. ಗಂಡಸರೂ ನೋಡಿಕೊಳ್ಳುತ್ತಾರೆ, ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೆಂಡತಿಗೆ ಲಕ್ವ ಹೊಡೆದು ಅಡುಗೆ, ಸ್ನಾನ ಎಲ್ಲ ತಾವೇ ಮಾಡುವ ವಯಸ್ಸಾದವರನ್ನು ನಾನೇ ನೋಡಿದ್ದೇನೆ. ಆದರೆ ಹತ್ತು ಮನೆಗೆ ಹೋದರೆ ಎಷ್ಟು ಮನೆಯಲ್ಲಿ ಸೊಸೆ, ಹೆಂಡತಿ, ಮಗಳು ಅಂತ ನೀವೇ ಎಣಿಸಿಕೊಳ್ಳಿ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ. 41 ಮಂದಿ ಮನೆಯವರ ಆರೈಕೆ ಮಾಡುತ್ತಾರೆ, ಗಂಡಸರಲ್ಲಿ ಶೇ. 21.4. ಹಾಗೆ ಆರೈಕೆ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸುಮಾರು 140 ನಿಮಿಷ ಕೊಡುತ್ತಾರೆ, ಗಂಡಸರು 74 ನಿಮಿಷ. ಇದರಲ್ಲಿ ಮಗು ಆಡಿಸುವುದೂ ಸೇರಿದೆ, ಎಲ್ಲ ಮನೆಗಳ ಸರಾಸರಿ. ಮಧ್ಯರಾತ್ರಿ ಮೂರು ಸಲ ಏಳುವ ಮನೆ ಆ ಸರಾಸರಿಯಲ್ಲಿ ಮುಳುಗಿ ಹೋಗಿರುತ್ತದೆ.

ಹಾಗಾದರೆ ಇವರ ಕಷ್ಟ ಅಳೆಯಲು ಬರುವುದಿಲ್ಲವೇ? ಬರುತ್ತದೆ. 1983ರಲ್ಲೇ ಅಮೆರಿಕದಲ್ಲಿ 13 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ. ನಿದ್ದೆ ಕೆಡುತ್ತಿದೆಯಾ, ಮೈಗೆ ಶ್ರಮವಾಗುತ್ತಿದೆಯಾ, ದುಡ್ಡಿಗೆ ಕಷ್ಟವಾಗಿದೆಯಾ, ಕೆಲಸ ಬದಲಿಸಬೇಕಾಯಿತಾ, ಇಂಥವು. ಹೌದು ಅಂದರೆ ಒಂದು ಅಂಕ, ಇಲ್ಲ ಅಂದರೆ ಸೊನ್ನೆ. ಏಳು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ ವ್ಯಕ್ತಿಯ ಮೇಲೆ ಹೊರೆ ಜಾಸ್ತಿಯಾಗಿದೆ ಅಂತ ಅರ್ಥ. ಜ್ಯಾರಿಟ್ ಎಂಬುವರ ಹೆಸರಿನ 22 ಪ್ರಶ್ನೆಗಳದ್ದು ಇನ್ನೊಂದಿದೆ. ಮೊದಲು ಮರೆವಿನ ಕಾಯಿಲೆಯವರ ಮನೆಯವರಿಗೆ ಮಾಡಿದ್ದು, ಈಗ ಲಕ್ವಕ್ಕೂ ಬಳಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿ ಹಿಂದಿನ ಎರಡು ವಾರ ನಿಮ್ಮ ಬದುಕು ಹೇಗಿತ್ತು ಅಂತ ಕೇಳುತ್ತದೆ: ದೇಹ, ಮನಸ್ಸು, ಜನರ ಒಡನಾಟ, ಸುತ್ತಲಿನ ಸೌಕರ್ಯ. ಹದಿಮೂರು ಪ್ರಶ್ನೆಗೆ ಹತ್ತು ನಿಮಿಷ ಸಾಕು. ಬಿಪಿ ನೋಡಲು, ಶುಗರ್ ನೋಡಲು ಮನೆಗೆ ಬರುವವರು ಇದನ್ನೂ ಕೇಳಬಹುದು.

ಆದರೆ ಹೇಗೆ ಕೇಳುತ್ತಾರೆ ಅನ್ನುವುದು ಮುಖ್ಯ. ಮಂಚದ ಮೇಲೆ ಮಾವ ಮಲಗಿದ್ದಾರೆ, ಪಕ್ಕದಲ್ಲಿ ಅತ್ತೆ ಕೂತಿದ್ದಾರೆ, ಬಾಗಿಲಲ್ಲಿ ಗಂಡ ನಿಂತಿದ್ದಾನೆ. ಅಲ್ಲಿ ನಿಂತು 'ಇವರನ್ನು ನೋಡಿಕೊಳ್ಳುವುದು ನಿಮಗೆ ಹೊರೆ ಅನಿಸುತ್ತದೆಯೇ' ಅಂತ ಕೇಳಿದರೆ ಯಾವ ಸೊಸೆ ಹೌದು ಅಂದಾಳು? 'ಏನಿಲ್ಲ ಬಿಡ್ರಿ, ಎಲ್ಲ ಚೆನ್ನಾಗೈತೆ' ಅನ್ನುತ್ತಾಳೆ. ಅಂಕ ಸೊನ್ನೆ. ಕಾಗದದ ಮೇಲೆ ಅವಳಷ್ಟು ಸುಖಿ ಯಾರೂ ಇಲ್ಲ. ಅವಳನ್ನು ಒಬ್ಬಳೇ ಇರುವಾಗ, ಹಿತ್ತಲಲ್ಲೋ ನಲ್ಲಿ ಹತ್ತಿರವೋ ಕೇಳಬೇಕು. 'ಹೊರೆ' ಅನ್ನುವ ಪದವನ್ನೇ ಎತ್ತಬಾರದು. ಅದು ನಮ್ಮಲ್ಲಿ ಬೈಗುಳದ ಹಾಗೆ ಕೇಳಿಸುತ್ತದೆ.

ನನ್ನನ್ನು ಕೇಳಿದರೆ ನಮ್ಮ ಹಳ್ಳಿಗೆ ಪ್ರಶ್ನೆಗಳು ಬೇರೆಯೇ ಇರಬೇಕು. ತವರಿಗೆ ಹೋಗಿ ಒಂದು ರಾತ್ರಿ ಉಳಿದು ಎಷ್ಟು ತಿಂಗಳಾಯಿತು? ಈ ಸಲ ಜಾತ್ರೆಗೆ ಹೋದಿರಾ? ನಿನ್ನೆ ರಾತ್ರಿ ಎಷ್ಟು ಸಲ ಎದ್ದಿರಿ? ನಿಮ್ಮ ಬೆನ್ನುನೋವಿಗೆ ನೀವು ಆಸ್ಪತ್ರೆಗೆ ಹೋಗಿದ್ದು ಯಾವಾಗ? ಸುಗ್ಗಿಯಲ್ಲಿ ಎಷ್ಟು ದಿನ ಸುಲಿಯಲು ಹೋದಿರಿ? ನಿಮಗೆ ಜ್ವರ ಬಂದರೆ ಇವರನ್ನು ಯಾರು ಎತ್ತುತ್ತಾರೆ? ಇವಕ್ಕೆ ಸುಳ್ಳು ಹೇಳುವ ಅಗತ್ಯ ಬೀಳುವುದಿಲ್ಲ, ಯಾಕೆಂದರೆ ಇವು ಯಾರ ಮೇಲಿನ ದೂರೂ ಅಲ್ಲ. ಕೊನೆಯ ಪ್ರಶ್ನೆಗೆ ಒಬ್ಬರು ನನಗೆ ಕೊಟ್ಟ ಉತ್ತರ ಇಷ್ಟೇ: 'ಜ್ವರ ಬಂದ್ರೂ ನಾನೇ.'

'ಮನೆಯವರಿಗೆ ತರಬೇತಿ ಕೊಟ್ಟರೆ ಆಯಿತಲ್ಲ' ಅಂತ ಹೇಳುವವರಿದ್ದಾರೆ. ಇದನ್ನು ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. 'ಅಟೆಂಡ್' ಅಂತ ಅದರ ಹೆಸರು. 14 ಆಸ್ಪತ್ರೆಗಳಲ್ಲಿ 1250 ಲಕ್ವ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಯವರಿಗೆ ವ್ಯಾಯಾಮ ಮಾಡಿಸುವುದು, ಎತ್ತಿ ಕೂರಿಸುವುದು ಎಲ್ಲ ಕಲಿಸಿದರು. ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಆರು ತಿಂಗಳಾದ ಮೇಲೆ ನೋಡಿದರೆ ಎರಡೂ ಗುಂಪಿನಲ್ಲಿ ಶೇ. 47 ಮಂದಿ ತೀರಿಕೊಂಡಿದ್ದರು ಅಥವಾ ಪರಾವಲಂಬಿಗಳಾಗಿಯೇ ಉಳಿದಿದ್ದರು. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಫಲಿತಾಂಶ ಬಂತು. ಎತ್ತುವ ಸರಿಯಾದ ವಿಧಾನ ಕಲಿತರೆ ಸೊಂಟ ಉಳಿಯುತ್ತದೆ, ಹಾಗಾಗಿ ಕಲಿಸುವುದು ಬೇಡ ಅಂತ ನಾನು ಅನ್ನುವುದಿಲ್ಲ. ಆದರೆ ಫಿಸಿಯೋಥೆರಪಿಸ್ಟ್ ಮಾಡಬೇಕಾದ ಕೆಲಸವನ್ನೂ ಸೊಸೆಯ ತಲೆಗೆ ಕಟ್ಟಿ, 'ಕುಟುಂಬದ ಪಾಲ್ಗೊಳ್ಳುವಿಕೆ' ಅಂತ ಹೆಸರಿಟ್ಟರೆ ಅದು ಯೋಜನೆ ಆಗುವುದಿಲ್ಲ.

ಅಳತೆ ಯಾಕೆ ಬೇಕು ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2024-25ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಆರೈಕೆದಾರರಿಗೆ ತಿಂಗಳಿಗೆ 1000 ರೂಪಾಯಿ ಭತ್ಯೆ ಘೋಷಿಸಿತು. ಒಳ್ಳೆಯ ಕೆಲಸ, ಹೊಗಳಲೇಬೇಕು. ಆದರೆ ಅದು ನಾಲ್ಕು ಕಾಯಿಲೆಗಳವರ ಆರೈಕೆದಾರರಿಗೆ: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್. ಆ ಮನೆಗಳ ಕಷ್ಟ ಸಣ್ಣದಲ್ಲ. ಆದರೆ ಲಕ್ವ ಆ ಘೋಷಣೆಯಲ್ಲಿ ಇರಲಿಲ್ಲ. ನಮ್ಮ ಊರುಗಳಲ್ಲಿ ಈ ನಾಲ್ಕರ ಹೆಸರು ಕೇಳದವರಿದ್ದಾರೆ, ಲಕ್ವದ ಹೆಸರು ಕೇಳದವರಿಲ್ಲ. ಲಕ್ವಕ್ಕೆ ಸಂಘವಿಲ್ಲ, ಫೈಲ್ ಹಿಡಿದು ಬೆಂಗಳೂರಿಗೆ ಹೋಗುವವರಿಲ್ಲ, ನೋಡಿಕೊಳ್ಳುವವರಿಗೆ ಮನೆ ಬಿಟ್ಟು ಹೊರಡಲು ಪುರುಸೊತ್ತೂ ಇಲ್ಲ. ಎಣಿಸದವರು ಪಟ್ಟಿಗೆ ಸೇರುವುದು ಹೇಗೆ? ಅಂಗವಿಕಲರ ಪಿಂಚಣಿ ಇದೆಯಲ್ಲ ಅನ್ನಬಹುದು. ಅದು ರೋಗಿಯ ಹೆಸರಿನ ದುಡ್ಡು, ಮಾತ್ರೆಗೆ ಮತ್ತು ಡಯಾಪರ್‌ಗೆ ಹೋಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆ ಭತ್ಯೆಯ ಮಾತು ಬೇರೆಯಾಗಿ ಹೇಳಿದೆ.

ಪಕ್ಕದ ಕೇರಳದಲ್ಲಿ 'ಆಶ್ವಾಸಕಿರಣಂ' ಅಂತ ಒಂದು ಯೋಜನೆ ಇದೆ. ಹಾಸಿಗೆ ಹಿಡಿದವರನ್ನು ಪೂರ್ಣ ಹೊತ್ತು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ. ಕಾಸರಗೋಡಿನ ಕನ್ನಡದ ಮನೆಗಳಿಗೂ ಅದು ಅನ್ವಯ. ಮೊತ್ತ ಚಿಕ್ಕದು, ಕಂತು ಬಾಕಿ ಉಳಿದ ದೂರುಗಳೂ ಬಂದಿವೆ. ಆದರೂ ಅಲ್ಲಿ ಕೇಳುವುದು ಕಾಯಿಲೆಯ ಹೆಸರೊಂದನ್ನೇ ಅಲ್ಲ, ಹಾಸಿಗೆ ಹಿಡಿದಿದ್ದಾರಾ, ಹಗಲೂ ರಾತ್ರಿ ಒಬ್ಬರು ಬೇಕಾ ಅಂತಲೂ ಕೇಳುತ್ತಾರೆ. ನಮ್ಮಲ್ಲೂ ಅಳತೆ ಹಾಗೆ ಇದ್ದರೆ ಲಕ್ವ ತಾನಾಗಿ ಒಳಗೆ ಬರುತ್ತದೆ.

ಹೊಸ ಇಲಾಖೆ ಬೇಕಿಲ್ಲ. 30 ವರ್ಷ ದಾಟಿದ ಎಲ್ಲರಿಗೂ ಆಶಾ ಕಾರ್ಯಕರ್ತೆಯರು ಒಂದು ಫಾರಂ ತುಂಬುತ್ತಾರೆ, ನಿಮ್ಮ ಮನೆಯಲ್ಲೂ ತುಂಬಿರಬಹುದು. ತಂಬಾಕು, ಸೊಂಟದ ಸುತ್ತಳತೆ, ಮನೆತನದ ಕಾಯಿಲೆ ಎಲ್ಲ ಕೇಳುತ್ತಾರೆ. ಈ ವ್ಯಕ್ತಿ ಹಾಸಿಗೆ ಹಿಡಿದಿದ್ದಾರಾ, ದಿನದ ಕೆಲಸಕ್ಕೆ ಇನ್ನೊಬ್ಬರ ನೆರವು ಬೇಕಾ ಅಂತಲೂ ಅದರಲ್ಲಿದೆ. ಆ ನೆರವು ಕೊಡುತ್ತಿರುವುದು ಯಾರು ಅಂತ ಬರೆಯಲು ಮಾತ್ರ ಜಾಗವಿಲ್ಲ. ಒಂದು ಗೆರೆ ಹೆಸರಿಗೆ, ಆರು ಪ್ರಶ್ನೆ ಅವಳಿಗೆ, ಇಷ್ಟು ಸೇರಿಸಿದರೆ ತಾಲೂಕಿನ ಲೆಕ್ಕ ಸಿಗುತ್ತದೆ. ಅದಕ್ಕೆ ಆಶಾ ಕಾರ್ಯಕರ್ತೆಗೆ ಬೇರೆ ಪ್ರೋತ್ಸಾಹಧನ ಕೊಡಬೇಕು. ಒಬ್ಬ ಹೆಂಗಸಿನ ಬಿಟ್ಟಿ ದುಡಿಮೆ ಅಳೆಯಲು ಇನ್ನೊಬ್ಬ ಹೆಂಗಸಿನಿಂದ ಬಿಟ್ಟಿ ದುಡಿಸಿಕೊಳ್ಳುವುದು ಬೇಡ.

ಈ ವಿಷಯ ಎತ್ತಿದಾಗ ಒಬ್ಬ ಹಿರಿಯರು, 'ಹೆತ್ತೋರನ್ನ ನೋಡ್ಕಳಕ್ಕೂ ಸರ್ಕಾರ ದುಡ್ಡು ಕೊಡ್ಬೇಕೇನಪ್ಪಾ?' ಅಂದರು. ಪ್ರೀತಿಗೆ ಬೆಲೆ ಕಟ್ಟಿ ಅಂತ ನಾನು ಕೇಳುತ್ತಿಲ್ಲ. ಅವಳ ಸೊಂಟಕ್ಕೆ, ನಿದ್ದೆಗೆ, ಸುಗ್ಗಿಯಲ್ಲಿ ತಪ್ಪಿದ ಕೂಲಿಗೆ ಲೆಕ್ಕ ಇಡಿ ಅಂತ ಕೇಳುತ್ತಿದ್ದೇನೆ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಒಂದು ಅರ್ಜಿ ಕೊಡಿ: ಆರೈಕೆ ಭತ್ಯೆಯ ಪಟ್ಟಿಗೆ ಹಾಸಿಗೆ ಹಿಡಿದ ಲಕ್ವ ರೋಗಿಗಳನ್ನು ಸೇರಿಸಿ, ಊರಿನಲ್ಲಿ ಅಂಥ ಮನೆ ಎಷ್ಟು, ನೋಡಿಕೊಳ್ಳುವವರು ಯಾರು ಅಂತ ನಡಾವಳಿಯಲ್ಲಿ ಬರೆಸಿ. ಆ ಸಭೆಗೆ ಅವಳಿಗೂ ಬರಬೇಕು ಅನಿಸಿದರೆ, ಅಷ್ಟು ಹೊತ್ತು ಮಂಚದ ಪಕ್ಕ ಕೂರಲು ಮನೆಯ ಒಬ್ಬ ಗಂಡಸು ಒಪ್ಪಲಿ.