ಸೈಟಿನ ಬೋರ್ಡಿನ್ಯಾಗ ಎಂಸಿಬಿ ಐತಿ, ಆದ್ರ ಗೌಂಡಿ ಜೀವ ಕಾಯೋದು ಯಾವುದು?

ಇಂಡಿ/ಸಿಂದಗಿ/ಮುದ್ದೇಬಿಹಾಳ/ಬಸವನ ಬಾಗೇವಾಡಿ: ಮಳೆ ಹಿಡಿಯೋದರೊಳಗ ಸ್ಲ್ಯಾಬ್ ಮುಗಿಸಬೇಕು ಅನ್ನೋ ಗಡಿಬಿಡಿ ನಾಲ್ಕೂ ತಾಲೂಕಿನ್ಯಾಗ ಒಂದೇ ನಮೂನಿ. ಕಟ್ಟೋ ಮನಿಗೆ ಇನ್ನೂ ಮೀಟರ್ ಬಂದಿರಂಗಿಲ್ಲ. ಬಾಜೂ ಮನಿಯಿಂದ ವೈರ್ ಎಳೀತಾರ. ಪ್ಲಗ್ ಹಾಕೋ ಬದಲು ವೈರಿನ ತುದಿ ಸುಲಿದು, ಸಾಕೆಟ್ಟಿನ ತೂತಿನ್ಯಾಗ ತುರುಕಿ, ಕಡ್ಡಿ ಚುಚ್ಚಿ ಬಿಗಿ ಮಾಡ್ತಾರ. ಅದರ ಮ್ಯಾಲೆ ವೈಬ್ರೇಟರ್, ನೀರಿನ ಮೋಟರ್, ಫರ್ಸಿ ಕೊಯ್ಯೋ ಕಟ್ಟರ್ ಎಲ್ಲಾ ನಡೀಬೇಕು.

ಬಾಗೇವಾಡಿ ಕಡೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಎನ್‌ಟಿಪಿಸಿ ಸ್ಥಾವರ ಇದೆ. ಅದೇ ಸೀಮೆಯ ಮನಿ ಕೆಲಸದಾಗ ಮೂರನೇ ಪಿನ್ ಇರೋ ಪ್ಲಗ್ ಹುಡುಕಬೇಕು.

'ಬೋರ್ಡಿನ್ಯಾಗ ಎಂಸಿಬಿ ಐತಲ್ಲ, ಶಾಕ್ ಹೊಡದ್ರ ಬೀಳ್ತದ' ಅನ್ನೋದು ಬಹಳ ಮಂದಿಯ ನಂಬಿಕೆ. ಲೆಕ್ಕ ಹಾಕಿ ನೋಡಿ. ನಾಲ್ಕಿಂಚಿನ ಗ್ರೈಂಡರ್ ಎಳೆಯೋದು ಮೂರು-ನಾಲ್ಕು ಆಂಪಿಯರ್. ಬೆವತ ಮೈಯ ತಡೆ ಸುಮಾರು 1,000 ಓಮ್ ಅಂತ ಹಿಡಿದರೆ, 230 ವೋಲ್ಟಿನಲ್ಲಿ ಮೈಯೊಳಗೆ ಹರಿಯೋದು 0.23 ಆಂಪಿಯರ್. ಮನುಷ್ಯನ ಹೃದಯ ನಿಲ್ಲಿಸಲು ಇಷ್ಟು ಸಾಕು. 16 ಆಂಪಿಯರ್ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಅದು ಇರೋದು ವೈರ್ ಸುಡಬಾರದು ಅಂತ, ಮನುಷ್ಯನ ಸಲುವಾಗಿ ಅಲ್ಲ.

ಮನುಷ್ಯನ ಸಲುವಾಗಿ ಇರೋದು ಆರ್‌ಸಿಸಿಬಿ. ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸ್ ಬಂತಾ ಅಂತ ಅದು ತೂಗಿ ನೋಡ್ತಾ ಇರ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸೋದರೊಳಗ ಲೈನ್ ಕಟ್. ಬೆಲೆ ಎರಡು ಸಾವಿರ ರೂಪಾಯಿ ಆಸುಪಾಸು. ಗೌಂಡಿ ಪಗಾರಕ್ಕೆ ಹೋಲಿಸಿದರೆ ಎರಡು-ಮೂರು ದಿನದ ಮಾತು.

ಕೆಲವು ಕಡೆ ಇದನ್ನು ಹಾಕಿದವರೇ ತೆಗೆದು ಒಗೀತಾರ. ಕಾರಣ 'ಪದೇ ಪದೇ ಬೀಳ್ತದ'. ಯಾಕ ಬೀಳ್ತದ? ಒಂದೋ ವೈರ್ ಎಲ್ಲೋ ಸುಲಿದು ಒದ್ದಿ ನೆಲಕ್ಕೆ ತಾಗಿರ್ತದ. ಇಲ್ಲಾ, ಅರ್ಥಿಂಗ್ ಇಲ್ಲಂತ ಮೂರನೇ ಪಿನ್ನಿಗೆ ನ್ಯೂಟ್ರಲ್ಲನ್ನೇ ಜೋಡಿಸಿರ್ತಾರ, ಮಷಿನ್ನಿನ ಕಬ್ಬಿಣ ನೆಲಕ್ಕೆ ತಾಗಿದ ಕೂಡಲೇ ಕರೆಂಟು ಆ ದಾರಿಯಲ್ಲಿ ಸೋರ್ತದ. ಈ ಎರಡನೇದು ಬಹಳ ಡೇಂಜರ್. ಆ ನ್ಯೂಟ್ರಲ್ ಎಲ್ಲರ ಕಡಿದರ ಮಷಿನ್ನಿನ ಮೈಯೆಲ್ಲಾ ಕರೆಂಟು. ಅಂದ್ರ ಆರ್‌ಸಿಸಿಬಿ ಬೀಳೋದು ಕೆಟ್ಟು ಅಲ್ಲ, ಸೈಟಿನ್ಯಾಗ ಏನೋ ತಪ್ಪೈತಿ ಅಂತ ಹೇಳಲಿಕ್ಕೆ.

ನಮ್ಮ ಭಾಗದ ಎರೆ ಮಣ್ಣಿಗೂ ಒಂದು ಗುಣ ಇದೆ. ಬ್ಯಾಸಗಿಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ರಾಡಿಗೂ ಮಣ್ಣಿಗೂ ಸಂಬಂಧವೇ ತಪ್ಪಿಹೋಗ್ತದ. ಸುಮ್ನೆ ರಾಡ್ ಬಡಿದರೆ ಸಾಲದು, ಗುಂಡಿಗೆ ನೀರು ಹಾಕ್ತಾ ಇರಬೇಕು.

ತಾಳಿಕೋಟಿ ಫರ್ಸಿ ಕೊಯ್ಯೋದು ನೋಡಿದವರಿಗೆ ಗೊತ್ತು: ಧೂಳು ಏಳಬಾರದು ಅಂತ ಒಬ್ಬ ಬಾಟ್ಲಿಯಿಂದ ನೀರು ಬಿಡ್ತಾನ, ಇನ್ನೊಬ್ಬ ಬರಿಗಾಲಿನ್ಯಾಗ ಕುಂತು ಕಟ್ಟರ್ ಹಿಡೀತಾನ. ಒಂದರೊಳಗೊಂದು ಚೌಕ ಇರೋ ಗುರುತಿನ ಡಬಲ್ ಇನ್ಸುಲೇಶನ್ ಮಷಿನ್ನಿಗೆ ಎರಡು ಪಿನ್ ಸಾಕು, ಖರೆ. ಆದರ ಮೋಟರಿನೊಳಗ ನೀರು ಹೊಕ್ಕ ಮ್ಯಾಲೆ ಆ ಗುರುತಿಗೆ ಅರ್ಥ ಇಲ್ಲ.

ಆರ್‌ಸಿಸಿಬಿಯೂ ಕಾಯದ ಜಾಗ ಒಂದಿದೆ, ತಲಿ ಮ್ಯಾಲಿನ ಲೈನು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುವಾಗ ಲೋಹದ ಚೌಕಟ್ಟು ವಿದ್ಯುತ್ ತಂತಿಗೆ ತಗುಲಿ ಮೂವರು ಯುವಕರು ಸತ್ತರು. ಸೆಂಟ್ರಿಂಗ್ ಪೈಪು, ಕಬ್ಬಿಣದ ರಾಡು ಎತ್ತುವಾಗಲೂ ಆಗೋದು ಅದೇ. 11 ಕೆವಿ ಲೈನಿನಿಂದ ಕಟ್ಟಡಕ್ಕೆ ಅಡ್ಡಲಾಗಿ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಬೇಕು ಅಂತ ನಿಯಮ. ಎರಡನೇ ಅಂತಸ್ತು ಏರಿಸುವಾಗ ಇದನ್ನು ಟೇಪ್ ಹಿಡಿದು ಅಳೆಯೋರು ಯಾರು?

ಹೆಸ್ಕಾಂನಲ್ಲಿ ಕಟ್ಟಡ ಕೆಲಸಕ್ಕೇ ತಾತ್ಕಾಲಿಕ ಸಂಪರ್ಕ ಸಿಗುತ್ತದೆ. ರೇಟು ಹೆಚ್ಚು, ಅಡ್ಡಾಟ ಹೆಚ್ಚು, ಅದಕ್ಕೇ ಜನ ಬಾಜೂ ಮನಿ ಗೃಹಜ್ಯೋತಿ ಮೀಟರಿಗೆ ಕೈ ಹಾಕ್ತಾರ. ಮನಿ ಬಳಕೆ ಸಂಪರ್ಕವನ್ನು ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ದಂಡದ ಬಿಲ್ ಬರಬಹುದು. ಅದೇ ಕಾಯ್ದೆಯ 161ನೇ ಕಲಂ ವಿದ್ಯುತ್ ಅವಘಡದ ಮಾಹಿತಿಯನ್ನು ವಿದ್ಯುತ್ ಪರಿವೀಕ್ಷಕರಿಗೆ ಕೊಡಬೇಕು ಅನ್ನುತ್ತದೆ, 24 ಗಂಟೆಯೊಳಗೆ. ದಂಡಕ್ಕೆ ಹೆದರಿದವ ಶಾಕಿನ ಸುದ್ದಿ ಹೊರಗೆ ಬಿಡ್ತಾನಾ? ನನಗಂತೂ ಅನುಮಾನ.

ನಿಗದಿತ ವೆಚ್ಚ ಮೀರಿದ ಮನೆಗೆ ಕಟ್ಟಡ ಪರವಾನಗಿ ಕೊಡುವಾಗಲೇ ವೆಚ್ಚದ ಶೇ. 1ರಷ್ಟು ಕಾರ್ಮಿಕ ಸೆಸ್ ಕಟ್ಟಿಸಿಕೊಳ್ಳುವ ವ್ಯವಸ್ಥೆ ಇದೆ. ಆ ದುಡ್ಡು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ದುಡ್ಡು ಕೇಳೋ ಅದೇ ಕೌಂಟರಿನಲ್ಲಿ 'ತಾತ್ಕಾಲಿಕ ಸಂಪರ್ಕ ತಗೊಂಡೀರಾ, ಬೋರ್ಡಿನ್ಯಾಗ ಆರ್‌ಸಿಸಿಬಿ ಐತ್ಯಾ' ಅಂತ ಎರಡು ಮಾತು ಕೇಳಲಿಕ್ಕೆ ಹೊಸ ಕಾನೂನು ಬೇಕಾಗಿಲ್ಲ.

ಅವಘಡವಾದರೆ ಮಂಡಳಿಯ ಪರಿಹಾರ ಸಿಗೋದು ಹೆಸರು ನೋಂದಾಯಿಸಿದವರಿಗೆ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಅರ್ಜಿ ಹಾಕಬಹುದು. ಕಾರ್ಡಿನ ಅವಧಿ ಮುಗಿದಿದ್ದರೆ ನವೀಕರಣಕ್ಕೆ ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಬೇಕು.