ಹಳೆಯ ಫಿಯೆಟ್‌ಗೆ ಹೊಸ ಗೇರ್‌ಬಾಕ್ಸ್: ತಪ್ಪೇನಿದೆ?

ಕಳೆದ ತಿಂಗಳು ಡೊಂಬಿವಲಿಯ ಅತ್ತೆಯ ಮನೆಗೆ ಹೋಗಿದ್ದೆ. ಸೋದರಮಾವ ತೀರಿಕೊಂಡ ಮೇಲೆ ಅವರ 1978ರ ಪ್ರೀಮಿಯರ್ ಪದ್ಮಿನಿ ಕಾರು ಕಟ್ಟಡದ ಹಿಂದೆ ತಾಡಪಾಲು ಹೊದ್ದು ನಿಂತಿದೆ. ನಾವೆಲ್ಲ ಅದನ್ನು ಇಂದಿಗೂ ಫಿಯೆಟ್ ಎಂದೇ ಕರೆಯುವುದು. ಕ್ಯಾಂಟೀನು ನಡೆಸಿ ಕೂಡಿಟ್ಟ ಹಣದಲ್ಲಿ ಮಾವ ಕೊಂಡ ಕಾರು. ಈಗ ಕಿರಿಯ ಮಗ ಅದಕ್ಕೆ 118 ಎನ್‌ಇ ಕಾರಿನ ಗೇರ್‌ಬಾಕ್ಸ್ ಕೂರಿಸಿ ಊರಿಗೆ ಓಡಿಸಬೇಕೆಂದಿದ್ದಾನೆ. ಹಿರಿಯವನು ಮಾತ್ರ ಅಪ್ಪನ ಕಾರನ್ನು ಮುಟ್ಟಬಾರದು ಎನ್ನುತ್ತಾನೆ. "ಭಾವ, ನೀವೇ ಹೇಳಿ" ಎಂದು ಇಬ್ಬರೂ ನನ್ನ ಮುಖ ನೋಡಿದರು. ಅಂದು ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಕಿರಿಯವನ ಕಷ್ಟ ಸುಳ್ಳಲ್ಲ. ಹಳೆಯ ಪದ್ಮಿನಿಯ ಗೇರು ಸ್ಟಿಯರಿಂಗ್ ಪಕ್ಕದಲ್ಲಿದೆ. ಅಲ್ಲಿಂದ ಗೇರ್‌ಬಾಕ್ಸಿನವರೆಗೆ ಸಲಾಕೆಗಳು, ಬುಷ್‌ಗಳು. ಬುಷ್ ಸವೆದರೆ ಎರಡನೇ ಗೇರು ಹುಡುಕುವಷ್ಟರಲ್ಲಿ ಹಿಂದಿನವರ ಹಾರ್ನ್ ಶುರು. ಒಂದನೇ ಗೇರಿಗೆ ಸಿಂಕ್ರೊಮೆಶ್ ಇಲ್ಲದ ಕಾರಣ ಕಾರು ನಿಂತ ಮೇಲೆಯೇ ಅದನ್ನು ಹಾಕಬೇಕು. ಘಾಟಿಯಲ್ಲಿ ಇದು ಎಂಥ ಫಜೀತಿ ಎಂದು ಓಡಿಸಿದವರೇ ಬಲ್ಲರು.

ಇನ್ನು ಮೂಲರೂಪದ ಮಾತು. ನಮ್ಮ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯವರೇ 1985ರಲ್ಲಿ ಫಿಯೆಟ್ 124ರ ಬಾಡಿಗೆ ಜಪಾನಿನ ನಿಸ್ಸಾನ್ ಎಂಜಿನ್ನು, ಗೇರ್‌ಬಾಕ್ಸ್ ಜೋಡಿಸಿ 118 ಎನ್‌ಇ ಎಂದು ಮಾರಿದರು. 1990ರ ದಶಕದ ಕೊನೆಯಲ್ಲಿ ಬಂದ ಎಸ್1 ಮಾದರಿಯ ಪದ್ಮಿನಿಗೂ ನಿಸ್ಸಾನ್ ಗೇರ್‌ಬಾಕ್ಸ್ ಹಾಕಿ, ಗೇರನ್ನು ಕೆಳಗೆ ಸೀಟುಗಳ ನಡುವೆ ತಂದರು. ಕಂಪೆನಿಯೇ ಮಾಡಿದ್ದನ್ನು ಮಗ ಮಾಡಿದರೆ ಅಪಚಾರವೇ? ಅಮೆರಿಕದಲ್ಲಿ ಡಾಟ್ಸನ್ 240 ಝಡ್ ಎಂಬ ಹಳೆಯ ಸ್ಪೋರ್ಟ್ಸ್ ಕಾರಿನ ನಾಲ್ಕು ಗೇರಿನ ಪೆಟ್ಟಿಗೆ ತೆಗೆದು, ನಂತರದ 280 ಝಡ್‌ಎಕ್ಸ್‌ನ ಐದು ಗೇರಿನದನ್ನು ಹಾಕುವುದು ಅಭಿಮಾನಿಗಳಲ್ಲಿ ಹಳೆಯ ರೂಢಿ. ಡಾಟ್ಸನ್ ಕೂಡ ನಿಸ್ಸಾನ್‌ನದೇ ಹೆಸರು.

ಆದರೆ ಕೆಲಸ ಸುಲಭವಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಕೂಡಬೇಕು, ಕ್ಲಚ್ ಪ್ಲೇಟಿನ ಹಲ್ಲು ಹೊಸ ಶಾಫ್ಟಿಗೆ ಹೊಂದಬೇಕು, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಸರಿಪಡಿಸಬೇಕು, ಗೇರಿನ ಕೋಲಿಗೆ ನೆಲದಲ್ಲಿ ತೂತು ಕೊರೆಯಬೇಕು. ಸ್ಪೀಡೋಮೀಟರು ತಪ್ಪು ತೋರಿಸದಂತೆ ನೋಡಿಕೊಳ್ಳಬೇಕು. ಬ್ರೇಕು ಹಳೆಯ ಡ್ರಮ್ಮೇ ಎಂಬುದನ್ನೂ ಮರೆಯಬಾರದು. ಮೊದಲು ಬ್ರೇಕು, ಆಮೇಲೆ ಗೇರು. ಸಾಮಾನಿನ ಪಾಡೂ ಅಷ್ಟೇ. 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷ ಮುಗಿಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆ ಟ್ಯಾಕ್ಸಿಗಳೊಂದಿಗೆ ಗುಜರಿ ಸಾಮಾನೂ, ಕೈಪಳಗಿದ ಮೇಸ್ತ್ರಿಗಳೂ ಕಡಿಮೆಯಾದರು.

ಹಿರಿಯವನ ಲೆಕ್ಕ ಬೇರೆ. 2028ಕ್ಕೆ ಕಾರಿಗೆ 50 ತುಂಬುತ್ತದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ 'ವಿಎ' ಅಕ್ಷರದ ನಂಬರು ಪಡೆಯಬಹುದು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕಾರಣಗಳಿಗಷ್ಟೇ ಅವಕಾಶ. ಹಾಗಾಗಿ ಅಣ್ಣತಮ್ಮಂದಿರು ಮೊದಲು ತೀರ್ಮಾನಿಸಬೇಕಾದದ್ದು ಗೇರನ್ನಲ್ಲ. ಕಾರು ನೋಡಲಿಕ್ಕೋ, ಓಡಲಿಕ್ಕೋ ಎಂಬುದನ್ನು.

ಓಡಲಿಕ್ಕೆ ಎಂದಾದರೆ ನನ್ನ ಮತ ಕಿರಿಯವನಿಗೆ. ಆದರೆ ಒಂದು ಷರತ್ತು. ನಾನು ಬ್ಯಾಂಕಿಗೆ ಸೇರಿದಾಗ ಕೈಬರಹದ ಲೆಡ್ಜರುಗಳಿದ್ದವು. ತಪ್ಪು ಅಂಕಿಯನ್ನು ಉಜ್ಜಿ ಅಳಿಸುವಂತಿರಲಿಲ್ಲ. ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಣ್ಣ ಸಹಿ. ಹಳೆಯ ಅಂಕಿ ಓದಲಿಕ್ಕೆ ಸಿಗಲೇಬೇಕು. ಕಾರಿಗೂ ಇದೇ ಕ್ರಮವಿರಲಿ. ಹಳೆಯ ಗೇರ್‌ಬಾಕ್ಸ್, ಸಲಾಕೆ, ಶಾಫ್ಟುಗಳನ್ನು ಗುಜರಿಗೆ ಹಾಕದೆ ಗ್ರೀಸ್ ಬಳಿದು ಮನೆಯಲ್ಲಿಡಿ. ನೆಲದ ತೂತು ಮತ್ತೆ ಮುಚ್ಚಬಹುದಾದಷ್ಟೇ ಇರಲಿ. ಏನು ಬದಲಿಸಿದಿರಿ, ಯಾವಾಗ, ಯಾರ ಕೈಯಲ್ಲಿ ಎಂದು ಕಾರಿನ ಫೈಲಿನಲ್ಲಿ ಬರೆದಿಡಿ. ಎಂಜಿನ್ನನ್ನು ಮುಟ್ಟಬೇಡಿ, ಅದರ ನಂಬರು ಆರ್‌ಸಿ ಪುಸ್ತಕದಲ್ಲಿದೆ. ಗೇರ್‌ಬಾಕ್ಸಿಗೂ ಕೈಹಾಕುವ ಮುನ್ನ ಆರ್‌ಟಿಓ ಹಾಗೂ ವಿಮೆಯವರಲ್ಲಿ ಒಮ್ಮೆ ವಿಚಾರಿಸಿ. ಮುಂದೆ ಮೊಮ್ಮಕ್ಕಳಿಗೆ ಮೂಲರೂಪವೇ ಬೇಕೆನಿಸಿದರೆ ಅವರು ಮರಳಿ ಜೋಡಿಸಿಕೊಳ್ಳಲಿ.

ಅತ್ತೆ ಅಂದು ವಾದದಲ್ಲಿ ಬಾಯಿ ಹಾಕಲಿಲ್ಲ. ಹೊರಡುವಾಗ ಬಾಗಿಲಿನವರೆಗೆ ಬಂದು ಇಷ್ಟೇ ಹೇಳಿದರು: "ಗೇರು ಯಾವುದಾದರೂ ಹಾಕಿಕೊಳ್ಳಲಿ ಮಾರಾಯ. ಮಾವನ ಕಾರಿನಲ್ಲಿ ಒಮ್ಮೆ ಊರಿಗೆ ಹೋಗಬೇಕು, ನನಗೂ ಎಪ್ಪತ್ತೆಂಟಾಯಿತು."